ಭಾರವಾದ ಕೈಗಳನ್ನು ಹಿಡಿದವರು

ಈ ದಿನದ ಧ್ಯಾನಕ್ಕೆ ವಿಮೋಚನಕಾಂಡ 17ನೇ ಅಧ್ಯಾಯ, 8ರಿಂದ 13ನೇ ವಚನ ತೆಗೆಯಿರಿ.

ರೆಫೀದೀಮಿನಲ್ಲಿ ಅಮಾಲೇಕ್ಯರು ಇಸ್ರಾಯೇಲ್ಯರ ಮೇಲೆ ಯುದ್ಧಕ್ಕೆ ಬಂದರು. ಯೆಹೋಶುವ ಕೆಳಗೆ ಯುದ್ಧ ಮಾಡ್ತಿದ್ದಾನೆ, ಮೋಶೆ ದೇವರ ಕೋಲು ಹಿಡಿದು ಗುಡ್ಡದ ಮೇಲೆ ನಿಂತಿದ್ದಾನೆ. ಅವನ ಕೈ ಮೇಲಿದ್ದರೆ ಇಸ್ರಾಯೇಲ್ಯರಿಗೆ ಜಯ, ಕೆಳಗಿಳಿದರೆ ಅಮಾಲೇಕ್ಯರಿಗೆ ಜಯ. ಹೊತ್ತಾಗ್ತಾ ಹೋದ ಹಾಗೆ ಮೋಶೆಯ ಕೈ ಭಾರವಾಯ್ತು. ಆಗ ಆರೋನ, ಹೂರ ಇಬ್ಬರೂ ಒಂದು ಕಲ್ಲು ತಂದು ಅವನನ್ನು ಕೂರಿಸಿ, ಒಬ್ಬ ಈ ಕಡೆ, ಒಬ್ಬ ಆ ಕಡೆ ಕೈ ಹಿಡಿದು ನಿಂತರು.

ಈ ಭಾಗ ಯಾಕೆ ಆರಿಸ್ಕೊಂಡೆ ಅಂದ್ರೆ, ನಮ್ಮ ಯೌವನಸ್ಥರಲ್ಲಿ ಒಬ್ಬ ತಮ್ಮ ಕೆಲವು ವಾರಗಳಿಂದ ನನ್ನ ಹತ್ರ ಬಂದು ಮಾತಾಡ್ತಿದ್ದಾನೆ. ಅವನದ್ದೂ ಅವನ ಅಕ್ಕನದ್ದೂ ಒಪ್ಪಿಗೆ ಪಡೆದೇ ಹೇಳ್ತಿದೀನಿ, ಹೆಸರು ಹೇಳಲ್ಲ. ಅಕ್ಕನಿಗೆ ಒಂದು ಕಣ್ಣು ಮಂಜಾಯ್ತು, ಕಣ್ಣು ತಿರುಗಿಸಿದ್ರೆ ನೋವು. ಆಮೇಲೆ ಕಾಲು ಜೋಮು ಹಿಡಿದದ್ದು ದಿನಗಟ್ಟಲೆ ಬಿಡಲಿಲ್ಲ. ಎಂ.ಆರ್.ಐ. ನೋಡಿದ ನರರೋಗ ವೈದ್ಯರು, ‘ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಈಗಲೇ ಖಚಿತವಾಗಿ ಹೇಳಕ್ಕಾಗಲ್ಲ’ ಅಂದ್ರು. ಆ ತಮ್ಮ ಕೇಳಿದ್ದು ಇಷ್ಟೇ: ‘ಪಾಸ್ಟರ್, ಅಕ್ಕನಿಗೆ ಏನು ಹೇಳ್ಲಿ?’

ಮೊದಲು ಈ ರೋಗ ಏನು ಅಂತ ತಿಳ್ಕೊಳ್ಳೋಣ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಹೊದಿಕೆಯನ್ನು ಹಾಳುಮಾಡುತ್ತೆ. ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದ್ರೆ ಕರೆಂಟ್ ಸರಿಯಾಗಿ ಹರಿಯಲ್ಲ ಅಲ್ವಾ, ಹಾಗೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುತ್ತೆ, ಅಂದ್ರೆ ನಿಮ್ಮ ವಯಸ್ಸಿನಲ್ಲೇ. ಹೆಂಗಸರಲ್ಲಿ ಜಾಸ್ತಿ. ಅಂಟುರೋಗ ಅಲ್ಲ. ಒಂದೇ ಟೆಸ್ಟ್‌ನಲ್ಲಿ ಗೊತ್ತಾಗೋದೂ ಇಲ್ಲ. ಸ್ಕ್ಯಾನ್, ರಕ್ತಪರೀಕ್ಷೆ, ಕೆಲವರಿಗೆ ಬೆನ್ನುಹುರಿಯ ನೀರಿನ ಪರೀಕ್ಷೆ ಎಲ್ಲಾ ಮಾಡಿ, ಬಿ12 ಕೊರತೆಯಂಥ ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ಅದಕ್ಕೇ ಕೆಲವರು ತಿಂಗಳುಗಟ್ಟಲೆ ಕಾಯ್ತಾರೆ. ‘ಇದೆ’ ಅನ್ನೋ ಉತ್ತರವೂ ಇಲ್ಲ, ‘ಇಲ್ಲ’ ಅನ್ನೋ ಉತ್ತರವೂ ಇಲ್ಲ. ಆ ನಡುವಿನ ದಿನಗಳಲ್ಲಿ ಪಕ್ಕದಲ್ಲಿರೋದು ಹೇಗೆ? ಮೂರು ವಿಷಯ ಗಮನಿಸಿ.

ಮೊದಲನೆಯದು: ಕೈ ಭಾರವಾಗಿದೆ ಅನ್ನೋದನ್ನು ಅವರು ನಂಬಿದರು.

ಆರೋನನು ‘ಮೋಶೆ, ನಿನಗೆ ವಿಶ್ವಾಸ ಸಾಲದು’ ಅನ್ನಲಿಲ್ಲ. ದೇವರ ಕೋಲು ಹಿಡಿದ ಕೈಗೂ ದಣಿವಾಗುತ್ತೆ. ಈ ರೋಗದ ಸುಸ್ತು ಹೊರಗೆ ಕಾಣಲ್ಲ. ಬಿಸಿಲು, ಜ್ವರದಲ್ಲಿ ಕೆಲವರಿಗೆ ತೊಂದರೆ ಸ್ವಲ್ಪ ಹೊತ್ತು ಹೆಚ್ಚಾಗುತ್ತೆ. ‘ನೋಡೋಕೆ ಚೆನ್ನಾಗೇ ಇದೀಯಲ್ಲ, ಸುಮ್ನೆ ಟೆನ್ಶನ್ ಮಾಡ್ಕೋತೀಯ’ ಅಂದ್ರೆ ಆ ಜೀವ ಇನ್ನೂ ಒಂಟಿಯಾಗುತ್ತೆ. ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅದೇ ಅವರು ಮಾಡಿದ ಒಳ್ಳೇ ಕೆಲಸ. ಬಾಯಿ ತೆರೆದ ಮೇಲೆ ಪಾಪ ಹುಡುಕೋಕೆ ಶುರುಮಾಡಿದರು. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಇದನ್ನೇ ಕೇಳಿದರು, ಕರ್ತನು ಆ ಲೆಕ್ಕಾಚಾರವನ್ನು ಒಪ್ಪಲಿಲ್ಲ. ಪೌಲನು ತ್ರೊಫಿಮನನ್ನು ಅಸ್ವಸ್ಥನಾಗಿ ಮಿಲೇತದಲ್ಲಿ ಬಿಟ್ಟುಬಂದ ಅಂತ 2 ತಿಮೊಥೆಯ 4:20ರಲ್ಲಿದೆ. ಪೌಲನ ಜೊತೆಗಾರನೂ ಕಾಯಿಲೆ ಬಿದ್ದ. ಅದಕ್ಕೆ ಯಾರೂ ಅವನ ವಿಶ್ವಾಸ ಅಳೆಯಲಿಲ್ಲ.

ಎರಡನೆಯದು: ಅವರು ಕಲ್ಲು ತಂದರು.

ಪ್ರಾರ್ಥನೆಯ ಗುಡ್ಡದ ಮೇಲೆ ಕೂರೋಕೆ ಒಂದು ಕಲ್ಲು! ಇದರಿಂದ ದೇವರ ಮಹಿಮೆ ಏನಾದ್ರೂ ಕಡಿಮೆಯಾಯ್ತಾ? ಇಲ್ಲ. ಹಾಗಾದ್ರೆ ನೀವು ತರಬಹುದಾದ ಕಲ್ಲು ಯಾವುದು? ಡಾಕ್ಟರ್ ಹತ್ರ ಜೊತೆಗೆ ಹೋಗಿ. ಯಾವ ತೊಂದರೆ ಯಾವತ್ತು ಶುರುವಾಯ್ತು, ಎಷ್ಟು ದಿನ ಇತ್ತು ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರಿಗೆ ಅದು ತುಂಬಾ ಉಪಯೋಗ. ಹಳೇ ಸ್ಕ್ಯಾನ್ ಎಲ್ಲಾ ಒಂದೇ ಫೈಲಲ್ಲಿಡಿ. ಬೆನ್ನಿನ ಪರೀಕ್ಷೆ ಆದ್ಮೇಲೆ ಕೆಲವರಿಗೆ ತಲೆನೋವು ಬರುತ್ತೆ, ಆ ದಿನ ಅಡುಗೆ ನೀವು ಮಾಡಿ.

ಇನ್ನೊಂದು ಮಾತು, ದಯವಿಟ್ಟು ಕೇಳಿಸ್ಕೊಳ್ಳಿ. ಅವರನ್ನು ಕೇಳದೆ ಪ್ರೇಯರ್ ಗ್ರೂಪಲ್ಲಿ ಹೆಸರು, ರಿಪೋರ್ಟ್ ಹಾಕಬೇಡಿ. ಮದುವೆ ಮಾತುಕತೆ ನಡೀತಿರೋ ಹುಡುಗಿಗೆ, ಹೊಸ ಕೆಲಸಕ್ಕೆ ಸೇರಿದ ಹುಡುಗನಿಗೆ, ಒಂದು ಫಾರ್ವರ್ಡ್ ಎಷ್ಟು ಗಾಯ ಮಾಡುತ್ತೆ ಯೋಚಿಸಿ. ಹೆಸರಿಲ್ಲದಿದ್ರೂ ಪರಲೋಕದ ತಂದೆಗೆ ಯಾರು ಅಂತ ಗೊತ್ತು.

ನಾನು ದೈವಿಕ ಸ್ವಸ್ಥತೆಯನ್ನು ನಂಬ್ತೀನಿ. ಈ ವೇದಿಕೆಯಲ್ಲೇ ಕೈಯಿಟ್ಟು ಪ್ರಾರ್ಥಿಸ್ತೀವಿ, ಮುಂದೆಯೂ ಪ್ರಾರ್ಥಿಸ್ತೀವಿ. ಆದ್ರೆ ‘ಮಾತ್ರೆ ಬಿಡು, ಅದೇ ವಿಶ್ವಾಸ’ ಅಂತ ಯಾರಿಗೂ ಹೇಳಬೇಡಿ. ಈ ರೋಗವನ್ನು ಪೂರ್ತಿ ತೆಗೆಯೋ ಔಷಧಿ ಇನ್ನೂ ಇಲ್ಲ, ಆದ್ರೆ ಮರುಕಳಿಸೋದನ್ನು ಕಡಿಮೆ ಮಾಡೋ ಔಷಧಿಗಳಿವೆ. ಬೇಗ ಶುರುಮಾಡಿದ್ರೆ ಒಳ್ಳೇದು. ತಡಮಾಡಿಸಿದ ಮಾತಿಗೆ ಬೆಲೆ ಕಟ್ಟೋರು ನಾವಲ್ಲ, ಅವರು.

ಮೂರನೆಯದು: ಸೂರ್ಯ ಮುಳುಗುವ ತನಕ ಹಿಡಿದರು.

ಮೊದಲ ವಾರ ಎಲ್ಲರೂ ಫೋನ್ ಮಾಡ್ತಾರೆ. ಮೂರನೇ ತಿಂಗಳು ಯಾರು ಮಾಡ್ತಾರೆ? ರಿಪೋರ್ಟ್ ‘ಅದಲ್ಲ’ ಅಂತ ಬಂದ್ರೆ ಸ್ತೋತ್ರ! ‘ಅದೇ’ ಅಂತ ಬಂದ್ರೂ ಅಲ್ಲಿಗೆ ಜೀವನ ಮುಗೀಲಿಲ್ಲ. ಎಷ್ಟೋ ಜನ ಈ ರೋಗದ ಜೊತೆಗೇ ಕೆಲಸ ಮಾಡ್ತಾರೆ, ಸಂಸಾರ ನಡೆಸ್ತಾರೆ. ನಮ್ಮ ದೇಶದಲ್ಲಿ 1985ರಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲೂ ಈ ರೋಗ ಸೇರಿದೆ. ಬೇಕಾದಾಗ ಆ ಸಹಾಯ ಕೇಳೋದು ನಾಚಿಕೆಯಲ್ಲ.

ಮತ್ತೆ, ಕೈ ಹಿಡಿದವರು ಇಬ್ಬರು, ನೋಡಿದ್ರಾ? ಆರೋನ ಒಬ್ಬನೇ ಹಿಡಿದಿದ್ರೆ ಅವನ ಕೈಯೂ ಸೋಲ್ತಿತ್ತು. ತಮ್ಮನೂ ಮನುಷ್ಯನೇ. ಅವನು ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅಳ್ತಾನೆ. ಅಕ್ಕನ ಕೈ ಅವನು ಹಿಡಿದ್ರೆ, ಇನ್ನೊಂದು ಕಡೆ ಹೂರನಾಗಿ ಸಭೆ ನಿಲ್ಲಬೇಕು.

ಅವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ‘ಎಲ್ಲಾ ಸರಿಹೋಗುತ್ತೆ ಅಂತ ನಿನಗೆ ಗೊತ್ತಿಲ್ಲದ್ದನ್ನು ಹೇಳಬೇಡ ತಮ್ಮಾ. ನಾನಿದೀನಿ ಅಕ್ಕ, ಇವತ್ತು ಏನು ಕಷ್ಟ ಆಗ್ತಿದೆ, ಅಂತ ಕೇಳು. ಆಮೇಲೆ ಅವಳು ಹೇಳಿದ್ದನ್ನು ಮಾಡು.’ ಗೆತ್ಸೇಮನೆಯಲ್ಲಿ ನಮ್ಮ ಕರ್ತನೇ ತನ್ನ ಶಿಷ್ಯರಿಂದ ಕೇಳಿದ್ದು, ಜೊತೆಗೆ ಎಚ್ಚರವಾಗಿರಿ ಅಂತ. ಅವರು ನಿದ್ದೆಹೋದರು. ನಾವು ಎಚ್ಚರವಾಗಿರೋಣ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪ್ರೀತಿಯ ತಂದೆಯೇ, ಉತ್ತರಕ್ಕಾಗಿ ಕಾಯುತ್ತಿರುವ ನಿನ್ನ ಮಗಳನ್ನು ಮುಟ್ಟು, ಸ್ವಸ್ಥಪಡಿಸು. ಪರೀಕ್ಷಿಸುವ ವೈದ್ಯರಿಗೆ ಜ್ಞಾನ ಕೊಡು. ಈ ರಾತ್ರಿ ಅವಳಿಗೂ ಅವಳ ಮನೆಯವರಿಗೂ ನಿದ್ದೆ ಕೊಡು. ನಮ್ಮ ಬಾಯಿಗೆ ಕಾವಲಿಡು, ನಮ್ಮ ಕೈಗಳಿಗೆ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.