ಹೊಗೆಸೊಪ್ಪಿನ ಹೊಲವೂ ಸುವಾರ್ತೆಯೂ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಕೃಷ್ಣರಾಜನಗರದ ಕಾಲುವೆನೀರು ಮುಟ್ಟದ ಭಾಗಗಳಲ್ಲಿಯೂ ವಾಸಿಸುವ ಸಭೆಯವರೊಳಗೆ ಒಂದು ಪ್ರಶ್ನೆಯು ಹುಟ್ಟುವದುಂಟು. ಕ್ರಿಸ್ತನವರಾದ ನಾವು ಹೊಗೆಸೊಪ್ಪನ್ನು ಬೆಳೆಯಬಹುದೋ, ಬೆಳೆಯಬಾರದೋ? ಇದನ್ನು ಕೇಳಿ ಕೆಲವರು ನಗುತ್ತಾರೆ, ಕೆಲವರು ಕೋಪಿಸಿಕೊಳ್ಳುತ್ತಾರೆ, ಹೆಚ್ಚಿನವರು ಬೇರೆ ಮಾತು ತೆಗೆಯುತ್ತಾರೆ. ಪ್ರಿಯ ಓದುಗರೇ, ಹೌದು ಇಲ್ಲವೆಂದು ಉತ್ತರ ಕೊಡುವದಕ್ಕೆ ಮುಂಚೆ, ಆ ಉತ್ತರವನ್ನು ಎಲ್ಲಿಂದ ಆರಂಭಿಸಬೇಕೆಂಬದನ್ನು ವಿಚಾರಿಸುವದು ಯುಕ್ತವಾಗಿದೆ. ಯಾಕಂದರೆ ಸುವಾರ್ತೆಯು ನಮ್ಮ ಜೀವಿತದ ನಡುವೆ ಇದೆಯೋ, ಇಲ್ಲವೆ ಭಾನುವಾರದ ಬಟ್ಟೆಯ ಸಂಗಡ ಮಡಚಿ ಪೆಟ್ಟಿಗೆಯಲ್ಲಿ ಇಡಲ್ಪಟ್ಟಿದೆಯೋ ಎಂಬದು ಇಂಥ ಪ್ರಶ್ನೆಯಲ್ಲಿಯೇ ತಿಳಿದುಬರುವದು.

ಕೆಲಸವೇನೋ ಎಲ್ಲರಿಗೂ ತಿಳಿದದ್ದೇ. ಬೇಸಗೆಯಲ್ಲಿ ಸಸಿಮಡಿ, ಮುಂಗಾರಿನಲ್ಲಿ ನಾಟಿ; ಆ ಮೇಲೆ ಎಲೆ ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ಏರಿಸಿ, ಐದಾರು ದಿನ ಹಗಲಿರುಳು ಬೆಂಕಿ ಕಾಯ್ದು ಹದಮಾಡುವದು. ೧೯೭೬ರಲ್ಲಿ ತಂಬಾಕು ಮಂಡಳಿಯು ಸ್ಥಾಪಿತವಾಯಿತು. ೧೯೮೪ರಿಂದ ನಮ್ಮ ಸೀಮೆಯ ಸೊಪ್ಪು ಅದರ ಹರಾಜು ಕಟ್ಟೆಗಳಲ್ಲಿ ಮಾರಾಟವಾಗುತ್ತಾ ಬಂದಿದೆ. ಮಳೆಯನ್ನೇ ನಂಬಿದ ಹೊಲದಲ್ಲಿ ಇಷ್ಟು ಹಣವನ್ನು ಒಟ್ಟಿಗೆ ಕೈಗೆ ತರುವ ಬೆಳೆ ಬೇರೊಂದು ಸುಲಭವಾಗಿ ಸಿಕ್ಕದು. ಮಕ್ಕಳ ಓದು, ಮದುವೆಯ ಖರ್ಚು, ಸೊಸೈಟಿಯ ಸಾಲ ಎಲ್ಲವೂ ಹರಾಜಿನ ದಿನವನ್ನೇ ಎದುರುನೋಡುತ್ತವೆ. ಮತ್ತೊಂದು ಕಡೆಯಲ್ಲಿ, ಈ ಸೊಪ್ಪಿನ ದೆಸೆಯಿಂದ ಲೋಕದಲ್ಲಿ ವರ್ಷಕ್ಕೆ ೭೦ ಲಕ್ಷಕ್ಕೂ ಹೆಚ್ಚು ಜನರು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೊಗೆಸೊಪ್ಪಿನ ಹತೋಟಿಗಾಗಿ ೨೦೦೩ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು ನಮ್ಮ ದೇಶವು ೨೦೦೪ರಲ್ಲಿ ಅಂಗೀಕರಿಸಿತು. ಬೆಳೆಗಾರರಿಗೆ ಬೇರೆ ಜೀವನೋಪಾಯ ಬೇಕೆಂದು ಆ ಒಪ್ಪಂದದ ೧೭ನೆಯ ಕಲಮು ಹೇಳುತ್ತದೆ. ಆದಾಗ್ಯೂ ಹರಾಜು ನಡೆಯುತ್ತಲೇ ಇದೆ. ಸರಕಾರವೇ ಎರಡು ಮನಸ್ಸುಳ್ಳದ್ದಾಗಿರುವಾಗ ಎರಡೆಕರೆಯ ರೈತನೊಬ್ಬನನ್ನೇ ನ್ಯಾಯಪೀಠದ ಮುಂದೆ ನಿಲ್ಲಿಸುವದು ಸರಿಯಲ್ಲ.

ಇಲ್ಲಿ ಎರಡು ಹಾದಿಗಳು ಸುಲಭವಾಗಿವೆ. ಒಂದು, ಹೊಗೆಸೊಪ್ಪು ಬೆಳೆಯುವದು ಪಾಪವೆಂದು ಸಾರಿ, ಬಿಡದವರನ್ನು ಅರೆಕ್ರೈಸ್ತರೆಂದು ಎಣಿಸುವದು. (ಹೀಗೆ ಹೇಳುವವರಲ್ಲಿ ತಿಂಗಳ ಸಂಬಳವುಳ್ಳವರೇ ಬಹಳ.) ಇನ್ನೊಂದು, ಗುಡಿಯೊಳಗೆ ಸುವಾರ್ತೆ, ಹರಾಜು ಕಟ್ಟೆಯಲ್ಲಿ ದರ, ಒಂದಕ್ಕೊಂದು ಸಂಬಂಧವಿಲ್ಲವೆಂದು ಸುಮ್ಮನಿರುವದು. ಮೊದಲನೆಯದು ಸುವಾರ್ತೆಯನ್ನು ಕಟ್ಟಳೆಯಾಗಿ ಮಾಡುತ್ತದೆ. ಎರಡನೆಯದು ಅದನ್ನು ಒಡವೆಯಾಗಿ ಮಾಡುತ್ತದೆ. ಎರಡರಲ್ಲಿಯೂ ಅದು ನಡುವಿನಿಂದ ಸರಿದು ಹೋಯಿತು.

ಜಕ್ಕಾಯನ ವೃತ್ತಾಂತವನ್ನು ಲೂಕನು ಬರೆದ ಸುವಾರ್ತೆಯಲ್ಲಿ ಇನ್ನೊಂದು ಸಾರಿ ನೋಡಿರಿ. ಅವನ ಕಸುಬು ಊರೆಲ್ಲಾ ಹೇಸಿದ ಕಸುಬು. ಕರ್ತನು ಮರದ ಕೆಳಗೆ ನಿಂತು, ಮೊದಲು ಲೆಕ್ಕ ಒಪ್ಪಿಸು, ಆಮೇಲೆ ನಿನ್ನ ಮನೆಗೆ ಬರುತ್ತೇನೆಂದು ಹೇಳಲಿಲ್ಲ. ಮನೆಗೆ ಬರುವೆನೆಂಬ ಮಾತು ಮೊದಲು. ಬಡವರಿಗೆ ಕೊಡುವ, ಅನ್ಯಾಯದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುವ ಮಾತು ಆಮೇಲೆ, ಅದೂ ಜಕ್ಕಾಯನ ಬಾಯಿಂದಲೇ. ಈ ಕ್ರಮವನ್ನು ತಿರುಗಿಸಿದರೆ ಅದು ಸುವಾರ್ತೆಯಾಗಿ ಉಳಿಯುವದಿಲ್ಲ. ತನ್ನ ಯೋಗ್ಯತೆಯು ತನ್ನ ಬೆಳೆಯ ಮೇಲೆ ನಿಂತಿದೆಯೆಂದು ಎಣಿಸುವವನು ಆ ಬೆಳೆಯನ್ನು ಪ್ರಾಣವಿರುವ ತನಕ ಸಮರ್ಥಿಸಲೇ ಬೇಕು. ನಾನು ಬೆಳೆಯದಿದ್ದರೆ ಪಕ್ಕದವನು ಬೆಳೆಯುವನು, ಸೇದುವವನದೇ ತಪ್ಪು ಎಂಬ ಮಾತುಗಳು ಹುಟ್ಟುವದು ಈ ಭಯದಿಂದಲೇ. ಮೊದಲೇ ಅಂಗೀಕರಿಸಲ್ಪಟ್ಟವನಿಗಾದರೋ ತನ್ನ ಹೊಲವನ್ನು ಇದ್ದಂತೆಯೇ ನೋಡುವದಕ್ಕೆ ಧೈರ್ಯ ಬರುತ್ತದೆ.

ಆದರೆ ಅಂಗೀಕಾರವಾಯಿತೆಂದು ನಡತೆಯ ವಿಚಾರ ಮುಗಿಯಿತೋ? ಇದಕ್ಕೆ ಅಂತಿಯೋಕ್ಯದಲ್ಲಿ ನಡೆದದ್ದೇ ಉತ್ತರ. ಪೇತ್ರನು ಅನ್ಯಜನರ ಸಂಗಡ ಊಟಮಾಡುತ್ತಿದ್ದು, ಯೆರೂಸಲೇಮಿನಿಂದ ಕೆಲವರು ಬಂದಾಗ ಅಂಜಿ ಪಂಕ್ತಿಯಿಂದ ಹಿಂದೆಗೆದನು. ಪೌಲನು ಅವನನ್ನು ಎಲ್ಲರ ಮುಂದೆ ಗದರಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಓದುತ್ತೇವೆ. ಯಾವ ಆಧಾರದ ಮೇಲೆ? ನೀನು ಒಂದು ನಿಯಮವನ್ನು ಮೀರಿದಿ ಎಂದಲ್ಲ, ನಿನ್ನ ಹೆಜ್ಜೆಯು ಸುವಾರ್ತೆಯ ಸತ್ಯಕ್ಕೆ ನೆಟ್ಟಗಿಲ್ಲವೆಂದು. ಎಲೆ ಹಾಕಿ ಉಣ್ಣುವ ಒಂದು ಊಟವನ್ನು ಅಪೊಸ್ತಲನು ಸುವಾರ್ತೆಯಿಂದಲೇ ಅಳೆದನು. ಕರ್ತನ ಭೋಜನದ ಪಾತ್ರೆಯಲ್ಲಿ ಒಂದಾಗಿ ಕುಡಿದವರು ಮದುವೆಯ ಚಪ್ಪರದಲ್ಲಿ ಹಳೆಯ ಜಾತಿಯ ಪ್ರಕಾರ ಬೇರೆ ಬೇರೆ ಕುಳಿತರೆ, ಅಲ್ಲಿ ಪೌಲನು ಏನು ಹೇಳುತ್ತಿದ್ದನೆಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ.

ರೊಟ್ಟಿಯೂ ಸುವಾರ್ತೆಯೂ ಒಂದೇ ಕೈಯಿಂದ ಬರುವದರಲ್ಲಿಯೂ ಅಪಾಯವುಂಟು. ಮಂಗಳೂರಿನ ಬಾಸೆಲ್ ಮಿಷನಿನವರು, ದೀಕ್ಷಾಸ್ನಾನ ಹೊಂದಿ ಕಸುಬನ್ನೂ ಮನೆಯನ್ನೂ ಕಳಕೊಂಡವರಿಗಾಗಿ ನೇಯಿಗೆಯ ಕಾರ್ಖಾನೆಯನ್ನೂ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಅದು ಪ್ರೀತಿಯ ಕೆಲಸವೇ. ಆ ಹೆಂಚುಗಳು ದೂರದೂರದ ಮನೆಗಳನ್ನು ಹೊದಿಸಿದವು. ಆದರೆ ಬೋಧಕರ ಮಿಷನೇ ಯಜಮಾನನೂ ಆದಾಗ, ಜನರು ಯಾವದನ್ನು ಹಿಡಿದುಕೊಂಡಿದ್ದಾರೆಂದು ತಿಳಿಯುವದು ಕಷ್ಟ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಮಿಷನೆರಿಗಳು ದೇಶವನ್ನು ಬಿಡಬೇಕಾಯಿತು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಸಭೆಯಾದರೋ ಉಳಿಯಿತು. ನಮ್ಮ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳ ಹೆಸರೂ ೧೯೪೭ರಲ್ಲಿ ದಕ್ಷಿಣ ಇಂಡಿಯಾ ಸಭೆಯೊಳಗೆ ಕೂಡಿಕೊಂಡಿತು. ಹೆಸರು, ಕಟ್ಟಡ, ಕಸುಬು ಇವೆಲ್ಲಾ ಬದಲಾಗತಕ್ಕವು.

ಹಾಗಾದರೆ ನಮ್ಮ ಹೊಲದ ಮಾತೇನು? ಇದನ್ನು ಬಿಟ್ಟುಬಿಡುವದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ನಾಳೆಯೇ ಬಿಡಿರೆಂದು ಸಾಲದಲ್ಲಿರುವವನಿಗೆ ಹೇಳುವದು ಮಾತ್ರ ನನ್ನಿಂದಾಗದು. ಸುಗ್ಗಿಯ ಹಬ್ಬದ ಕಾಣಿಕೆಯಲ್ಲಿ ಈ ಹಣವನ್ನು ತಕ್ಕೊಂಡು ಗುಡಿಗೆ ಸುಣ್ಣ ಹೊಡಿಸಿದ ಸಭೆಯು ಬೆಳೆದವನ ಭಾರದಲ್ಲಿ ಪಾಲುಗಾರನಾಗಿದೆ. ಒಬ್ಬನು ಅರ್ಧ ಎಕರೆಯನ್ನು ರಾಗಿಗೋ ಅವರೆಗೋ ತಿರುಗಿಸಿದ ವರ್ಷ ಅವನ ಕೈ ಬರಿದಾದರೆ, ಸಭೆಯ ಪೆಟ್ಟಿಗೆ ಅವನ ಕಡೆಗೆ ತೆರೆಯಬೇಕಲ್ಲವೇ? ಅದಕ್ಕೆ ಸಿದ್ಧವಿಲ್ಲದ ಸಭೆಯು ಅವನಿಗೆ ಉಪದೇಶ ಮಾಡದಿರುವದೇ ಮೇಲು.

ಬಿಡುವ ತನಕ ಮಾಡಬೇಕಾದವೂ ಉಂಟು. ಕೋಲು ಕಟ್ಟುವದಕ್ಕಾಗಿ ಮಕ್ಕಳನ್ನು ಶಾಲೆಯಿಂದ ನಿಲ್ಲಿಸಬಾರದು. ಒದ್ದೆಯಾದ ಎಲೆಯ ವಿಷವು ಚರ್ಮದ ಮೂಲಕ ಏರಿ ವಾಂತಿ, ತಲೆಸುತ್ತು ಬರುತ್ತದಾದದರಿಂದ, ಕೂಲಿಯ ಹೆಂಗಸರನ್ನು ಮಳೆಯಲ್ಲಿ ಬರಿಗೈಯಿಂದ ಎಲೆ ಮುರಿಯುವದಕ್ಕೆ ಕಳುಹಿಸಬಾರದು. ಬೇಲಿನ ನಡುವೆ ಹೀನವಾದ ಎಲೆಯನ್ನು ಅಡಗಿಸಿ ಮೇಲೆ ಒಳ್ಳೆಯದನ್ನು ತೋರಿಸುವದನ್ನು ಕುರಿತು ಹೆಚ್ಚು ಬರೆಯಲಾರೆನು. ಅದನ್ನು ಮಾಡುವವನಿಗೆ ಗೊತ್ತಿದೆ.

ಕಡೆಗೆ, ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಭಾನುವಾರದ ಆರಾಧನೆಗೆ ಗಂಡಸರು ಬರುವದಿಲ್ಲವೆಂಬ ದೂರು. ಬಿಸಿ ತಪ್ಪಿದರೆ ವರ್ಷದ ದುಡಿಮೆ ಕೆಡುವದು. ಬೆಂಕಿ ಮೀರಿದರೆ ಬ್ಯಾರನ್ನೇ ಸುಟ್ಟುಹೋಗುವದು. ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತಿನ ವಿಷಯವಾಗಿ ಕರ್ತನು ಕೇಳಿದ್ದನ್ನು ಬಲ್ಲವರು ಇವರ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕಿ ಸುಮ್ಮನಿರಬಾರದು. ಹಿರಿಯರಲ್ಲಿ ಇಬ್ಬರು ಸಾಯಂಕಾಲ ಬ್ಯಾರನ್ನಿನ ಬಳಿಗೆ ಹೋಗಿ, ಅಲ್ಲಿಯೇ ಕುಳಿತು ಜಕ್ಕಾಯನ ಅಧ್ಯಾಯವನ್ನು ಓದಲಿ. ನಡುವೆ ಅವನು ಎದ್ದು ಒಲೆಗೆ ಸೌದೆ ಒಟ್ಟಿ ಬರುವ ತನಕ ಓದುವವರು ಕಾದುಕೊಂಡಿರಲಿ.