ಸಂಶಯಿಸುವವನ ಸತ್ಯವ್ರತ

ಅದ್ಭುತವನ್ನು ಕಂಡೆನೆಂದು ಹೇಳುವವನು ಅದಕ್ಕೆ ಪ್ರಮಾಣವನ್ನು ಒದಗಿಸಬೇಕು; ಇದು ಎಲ್ಲರೂ ಒಪ್ಪುವ ನ್ಯಾಯ. ಆದರೆ ಅದನ್ನು ನಂಬಲಾರೆನೆಂದು ಹೇಳುವವನಿಗೆ ಯಾವ ಕರ್ತವ್ಯವೂ ಇಲ್ಲವೆ? ಸಂಶಯವೆಂಬುದು ಕೇವಲ ಒಂದು ಹಕ್ಕೋ, ಅಥವಾ ಅದೂ ಸತ್ಯಕ್ಕೆ ಕಟ್ಟುಬಿದ್ದ ಒಂದು ವ್ರತವೋ? ಈ ಪ್ರಶ್ನೆಯನ್ನು ಬರಿಯ ತರ್ಕದಲ್ಲಿ ತೂಗಾಡಿಸುವ ಬದಲು ಒಂದು ನಿಜವಾದ ಊರಿಗೆ ಇಳಿಸಿ ನೋಡುವುದು ಲೇಸು. ನಂಬಿಕೆಯೂ ಸಂಶಯವೂ ಒಂದೂವರೆ ಶತಮಾನಕ್ಕೂ ಮೀರಿ ಮುಖಾಮುಖಿಯಾಗಿ ನಿಂತಿರುವ ಅಂಥ ಊರು, ಫ್ರಾನ್ಸ್ ದೇಶದ ಪಿರನೀಸ್ ಪರ್ವತದ ತಪ್ಪಲಲ್ಲಿರುವ ಲೂರ್ದ್.

1858ರ ಫೆಬ್ರವರಿ 11ರಂದು ಬರ್ನದೆತ್ ಸುಬಿರು ಎಂಬ ಹದಿನಾಲ್ಕು ವರ್ಷದ ಹುಡುಗಿ ಸೌದೆ ಆರಿಸಲು ಹೊಳೆಯ ದಡಕ್ಕೆ ಹೋಗಿದ್ದಳು. ತಂದೆ ಹಿಟ್ಟಿನ ಗಿರಣಿಯನ್ನು ಕಳೆದುಕೊಂಡು ದರಿದ್ರನಾಗಿದ್ದ. ಸಂಸಾರವೆಲ್ಲ ವಾಸವಾಗಿದ್ದುದು ಹಿಂದೆ ಸೆರೆಮನೆಯಾಗಿದ್ದ ಒಂದೇ ಕೋಣೆಯಲ್ಲಿ. ಅಲ್ಲಿನ ಗವಿಯೊಂದರಲ್ಲಿ ಶ್ವೇತವಸ್ತ್ರಧಾರಿಣಿಯೊಬ್ಬಳು ತನಗೆ ಕಾಣಿಸಿಕೊಂಡಳೆಂದು ಆಕೆ ಹೇಳಿದಳು. ಜುಲೈ 16ರವರೆಗೆ ಹದಿನೆಂಟು ಬಾರಿ ಈ ದರ್ಶನವಾಯಿತೆಂದು ದಾಖಲೆಯಿದೆ. ಮೊದಮೊದಲು ಆಕೆ ಯಾವ ಹೆಸರನ್ನೂ ಹೇಳಲಿಲ್ಲ. ತನ್ನ ಆಡುನುಡಿಯಲ್ಲಿ 'ಅದು' ಎಂದಷ್ಟೇ ಕರೆದಳು. ಮಾರ್ಚ್ 25ರಂದು ಆ ಮೂರ್ತಿ ತನ್ನನ್ನು 'ಅಮಲೋದ್ಭವ' ಎಂದು ಪರಿಚಯಿಸಿಕೊಂಡಿತೆಂದು ತಿಳಿಸಿದಾಗ, ಅದು ಮಾತೆ ಮರಿಯಳೇ ಎಂದು ಜನ ನಿಶ್ಚಯಿಸಿದರು. 1862ರಲ್ಲಿ ಆ ಪ್ರಾಂತದ ಧರ್ಮಾಧ್ಯಕ್ಷರು ದರ್ಶನವನ್ನು ಅಂಗೀಕರಿಸಿದರು. ಇಂದು ಆ ಊರಿಗೆ ವರ್ಷಂಪ್ರತಿ ಲಕ್ಷಾಂತರ ಯಾತ್ರಿಕರು ಬರುತ್ತಾರೆ.

ಸಂಶಯಕ್ಕೆ ಆಸ್ಪದವಿಲ್ಲವೆಂದಲ್ಲ. ಮರಿಯಳ ಅಮಲೋದ್ಭವವನ್ನು ಪೋಪ್ ಒಂಬತ್ತನೆಯ ಪಿಯುಸ್ ಧರ್ಮತತ್ತ್ವವೆಂದು ಘೋಷಿಸಿದುದು 1854ರಲ್ಲಿ, ಅಂದರೆ ದರ್ಶನಕ್ಕೆ ಕೇವಲ ನಾಲ್ಕು ವರ್ಷ ಮೊದಲು. ಓದುಬರಹ ಬಾರದ ಹುಡುಗಿಯಾದರೂ ಇಗರ್ಜಿಯ ಉಪದೇಶದಲ್ಲಿ ಆ ಶಬ್ದ ಆಕೆಯ ಕಿವಿಗೆ ಬಿದ್ದಿರಲಾರದೆ? ಊರಿನ ಪಾದ್ರಿ ಪೇರಮಾಲ್, ಆ ಗವಿಯ ಕಾಡುಗುಲಾಬಿ ಚಳಿಗಾಲದಲ್ಲಿ ಹೂಬಿಡಲಿ, ಆಗ ನಂಬುತ್ತೇನೆ ಎಂದಿದ್ದ. ಗಿಡ ಹೂ ಬಿಡಲಿಲ್ಲ. ಗವಿಯ ಚಿಲುಮೆಯ ನೀರನ್ನು ಅದೇ ವರ್ಷ ತುಲೂಸ್ ನಗರದ ರಸಾಯನಶಾಸ್ತ್ರಜ್ಞ ಫಿಲೋಲ್ ಪರೀಕ್ಷಿಸಿ, ಅದು ಯಾವ ಔಷಧಗುಣವೂ ಇಲ್ಲದ ಸಾಧಾರಣ ನೀರೆಂದು ವರದಿ ಕೊಟ್ಟ. ಇದಲ್ಲದೆ, ಬರ್ನದೆತ್‌ಳ ಸುದ್ದಿ ಹರಡಿದ ಮೇಲೆ ಅದೇ ಊರಿನ ಇನ್ನೂ ಹಲವರು ತಮಗೂ ದರ್ಶನವಾಯಿತೆಂದು ಹೇಳತೊಡಗಿದರು. ಅವರೆಲ್ಲರನ್ನೂ ಬದಿಗಿಟ್ಟು ಒಬ್ಬಳನ್ನು ಮಾತ್ರ ಒಪ್ಪಿದುದು ಯಾವ ಅಳತೆಗೋಲಿನಿಂದ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಗಮನಿಸಬೇಕಾದ ಅಂಶವೆಂದರೆ, ಇವುಗಳಲ್ಲಿ ಕೆಲವನ್ನು ಮೊದಲು ಎತ್ತಿದವರು ಧರ್ಮದ್ವೇಷಿಗಳಲ್ಲ. ಗುಲಾಬಿಯ ಹೂವನ್ನು ಕೇಳಿದವನು ಆ ಊರಿನ ಪಾದ್ರಿಯೇ.

ಆದರೆ ಸಂಶಯಕ್ಕೂ ಒಂದು ಸೋಮಾರಿತನವುಂಟು. ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳನ್ನು ಕುರಿತು ಬರೆಯುತ್ತ, ಸಾಕ್ಷಿಯು ತಪ್ಪಿರುವ ಸಂಭವ ಹೆಚ್ಚೋ ಪ್ರಕೃತಿನಿಯಮ ಮುರಿದಿರುವ ಸಂಭವ ಹೆಚ್ಚೋ ತೂಗಿ ನೋಡಬೇಕೆಂದ. ಈ ತಕ್ಕಡಿ ಅಮೂಲ್ಯವಾದುದು. ಆದರೆ ಪ್ಯಾರಿಸ್ಸಿನ ಸಂತ ಮೆದಾರ್ ಸ್ಮಶಾನದ ಸಮಾಧಿಯೊಂದರ ಬಳಿ ನಡೆದವೆಂದು ಹೇಳಲಾದ ರೋಗಶಮನಗಳ ಪ್ರಸಂಗ ಬಂದಾಗ, ಸಾಕ್ಷಿಗಳು ಗಣ್ಯರೆಂದೂ ಹಲವರೆಂದೂ ಆತನೇ ಒಪ್ಪಿಕೊಂಡು, ಅಂಥ ಘಟನೆ ಅಸಾಧ್ಯ, ಆದುದರಿಂದ ಬೇರೆ ಉತ್ತರವೇ ಬೇಡ ಎಂದುಬಿಟ್ಟ. ಅಲ್ಲಿಗೆ ತಕ್ಕಡಿಯನ್ನು ಹಿಡಿದವನೇ ತೂಗುವ ಮೊದಲು ತೀರ್ಪು ಕೊಟ್ಟಂತಾಯಿತು. ಇನ್ನೊಂದು ಪಕ್ಷದವರೂ ಮೇಲಾಗಿರಲಿಲ್ಲವೆನ್ನಿ. ಆ ಸಮಾಧಿ ಜಾನ್ಸೆನ್ ಪಂಥದವನದೆಂಬ ಕಾರಣಕ್ಕೆ ಧರ್ಮಾಧಿಕಾರಿಗಳಿಗೂ ಆ ಪವಾಡಗಳು ಬೇಡವಾಗಿದ್ದವು. 1732ರಲ್ಲಿ ರಾಜಾಜ್ಞೆಯಿಂದ ಸ್ಮಶಾನದ ಬಾಗಿಲನ್ನೇ ಮುಚ್ಚಲಾಯಿತು.

ಬರ್ನದೆತ್‌ಳ ವಿಷಯದಲ್ಲಿಯೂ ಇಂಥದೇ ಒಂದು ಅವಸರವನ್ನು ಕಾಣಬಹುದು. ಆಕೆ ಕಂಡುದು ಭ್ರಮೆ ಎನ್ನುವುದು ಬೇರೆ, ಆಕೆ ಸುಳ್ಳುಗಾತಿ ಎನ್ನುವುದು ಬೇರೆ. ಪೊಲೀಸ್ ಅಧಿಕಾರಿ ಜಾಕೊಮೆ ಗದರಿಸಿ ವಿಚಾರಿಸಿದಾಗಲೂ ಆಕೆ ತನ್ನ ಮಾತನ್ನು ಬದಲಿಸಲಿಲ್ಲ. ಭಕ್ತರು ನೀಡಿದ ಹಣವನ್ನು ಆಕೆ ಮುಟ್ಟಲಿಲ್ಲ. 1866ರಲ್ಲಿ ಊರು ಬಿಟ್ಟು ನೆವೇರ್ ನಗರದ ಸಂನ್ಯಾಸಿನೀಮಠವನ್ನು ಸೇರಿದವಳು ಮತ್ತೆ ಲೂರ್ದ್‌ಗೆ ಮರಳಲೇ ಇಲ್ಲ. ಉಬ್ಬಸದಿಂದಲೂ ಮೂಳೆಯ ಕ್ಷಯದಿಂದಲೂ ನರಳಿ 1879ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆ ಚಿಲುಮೆಯ ನೀರು ಆಕೆಯ ರೋಗವನ್ನು ನೀಗಲಿಲ್ಲ. ಪ್ರಾಮಾಣಿಕಳಾದ ಸಾಕ್ಷಿಯೂ ತಪ್ಪಬಹುದು. ಆದ್ದರಿಂದ ಇದು ದರ್ಶನಕ್ಕೆ ಪ್ರಮಾಣವಾಗದು. ಆದರೆ ವಂಚನೆಯ ಆರೋಪವನ್ನು ಹೊರಿಸುವವನು ಅದಕ್ಕೆ ಬೇರೆಯೇ ಪ್ರಮಾಣವನ್ನು ತರಬೇಕಾಗುತ್ತದೆ.

ರೋಗಶಮನದ ಲೆಕ್ಕಕ್ಕೆ ಬರೋಣ. 1883ರಲ್ಲಿಯೇ ಲೂರ್ದ್‌ನಲ್ಲಿ ವೈದ್ಯಕೀಯ ಪರೀಕ್ಷಾ ಕಾರ್ಯಾಲಯವೊಂದು ಸ್ಥಾಪಿತವಾಯಿತು. ಗುಣವಾಯಿತೆಂದು ಹೇಳಿಕೊಂಡ ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳು ಅಲ್ಲಿ ದಾಖಲಾಗಿವೆ. 2025ರ ವರೆಗೆ ಅವುಗಳಲ್ಲಿ ಧರ್ಮಾಧ್ಯಕ್ಷರು ಪವಾಡವೆಂದು ಅಂಗೀಕರಿಸಿದುದು 72 ಮಾತ್ರ. ರೋಗ ಗಂಭೀರವಾಗಿರಬೇಕು, ಶಮನ ತಟ್ಟನೆ ಆಗಿರಬೇಕು, ಶಾಶ್ವತವಾಗಿರಬೇಕು, ಔಷಧದ ಫಲವಾಗಿರಬಾರದು: ಹದಿನೆಂಟನೆಯ ಶತಮಾನದ ಲಂಬೆರ್ತೀನಿ ಎಂಬ ಧರ್ಮಜ್ಞ ಹಾಕಿಕೊಟ್ಟ ಜರಡಿಯಿದು. ಮುಂದೆ ಪೋಪ್ ಆದ ಈತನೇ, ಖಾಸಗಿ ದರ್ಶನಗಳನ್ನು ನಂಬಲೇಬೇಕೆಂಬ ನಿರ್ಬಂಧ ಯಾರಿಗೂ ಇಲ್ಲವೆಂದವನು. ವ್ಯಾಟಿಕನ್ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ನಿಯಮಗಳಂತೂ, ಇನ್ನು ಮುಂದೆ ಸಾಮಾನ್ಯವಾಗಿ ಯಾವ ದರ್ಶನವನ್ನೂ ಅಲೌಕಿಕವೆಂದು ಘೋಷಿಸುವುದಿಲ್ಲ, ಹೆಚ್ಚೆಂದರೆ 'ಅಡ್ಡಿಯಿಲ್ಲ' ಎನ್ನಬಹುದು ಎಂಬಷ್ಟರ ಮಟ್ಟಿಗೆ ಬಂದಿವೆ. ಬೋಸ್ನಿಯದ ಮೆಜುಗೋರಿಯೆಯಲ್ಲಿ 1981ರಲ್ಲಿ ಆರಂಭವಾದ ದರ್ಶನಗಳ ವಿಷಯದಲ್ಲಿ 2024ರ ಸೆಪ್ಟೆಂಬರಿನಲ್ಲಿ ದೊರೆತುದು ಈ ಬಗೆಯ ಅನುಮತಿಯೇ: ಭಕ್ತಿಗೆ ಅಡ್ಡಿಯಿಲ್ಲ, ದರ್ಶನಕ್ಕೆ ಹೊಣೆಯಿಲ್ಲ.

ಈ ಅಲ್ಪಸಂಖ್ಯೆಯನ್ನು ಸಂಶಯವಾದಿಗಳು ಬಹುವಾಗಿ ಬಳಸಿಕೊಂಡಿದ್ದಾರೆ. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್, ಕ್ಯಾನ್ಸರ್ ತಾನಾಗಿಯೇ ಇಳಿಯುವ ಅಪರೂಪದ ಪ್ರಮಾಣವನ್ನು ಲೂರ್ದ್‌ನ ಸಂಖ್ಯೆಯೊಡನೆ ಹೋಲಿಸಿ, ಆ ರೋಗಿಗಳು ಮನೆಯಲ್ಲಿಯೇ ಉಳಿದಿದ್ದರೆ ಇದಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಿದ್ದರೆಂಬಂತೆ ಲೆಕ್ಕ ತೋರಿಸಿದ. ಮಾತು ಚುರುಕಾಗಿದೆ, ಲೆಕ್ಕ ಮಾತ್ರ ಸಡಿಲ. ಯಾತ್ರಿಕರಲ್ಲಿ ಕ್ಯಾನ್ಸರ್ ರೋಗಿಗಳು ಎಷ್ಟು ಮಂದಿ ಎಂಬುದು ಆತನ ಊಹೆ. ಅದಕ್ಕಿಂತ ಮುಖ್ಯವಾಗಿ, ಅಂಗೀಕೃತವಾದ ಸಂಖ್ಯೆ ಗುಣವಾದವರ ಸಂಖ್ಯೆಯಲ್ಲ. ಜರಡಿಯಲ್ಲಿ ಉಳಿದವರ ಸಂಖ್ಯೆ. ಚಿಕಿತ್ಸೆಯಿಂದ ಗುಣವಾಗಿರಬಹುದೆಂಬ ಶಂಕೆ ಬಂದವರನ್ನೆಲ್ಲ ಆ ಜರಡಿ ಕೆಳಗೆ ಉದುರಿಸುತ್ತದೆ. ಹೀಗಿರುವಾಗ ಆ ಸಂಖ್ಯೆ ಪವಾಡವನ್ನೂ ಸಾಧಿಸದು, ಪವಾಡದ ಅಭಾವವನ್ನೂ ಸಾಧಿಸದು. ಗವಿಯ ಮುಂದೆ ತೂಗುಹಾಕಿದ್ದ ಊರುಗೋಲುಗಳ ರಾಶಿಯಲ್ಲಿ ಒಂದಾದರೂ ಮರದ ಕಾಲು ಇರಬೇಕಿತ್ತೆಂದು ಸಂಗಡಿಗನೊಬ್ಬ ಪಿಸುಗುಟ್ಟಿದನೆಂದು ಅನಾತೊಲ್ ಫ್ರಾನ್ಸ್ ಬರೆದಿದ್ದಾನೆ. ಆ ಪಿಸುಮಾತಿನಲ್ಲಿ ಈ ಅಂಕಿಗಳಿಗಿಂತ ಹೆಚ್ಚಿನ ತರ್ಕವಿದೆ.

ಸಂಶಯವಾದಿಯ ಸತ್ಯವ್ರತ ನಿಜವಾಗಿ ಪರೀಕ್ಷೆಗೆ ಒಳಗಾದುದು ಎಮಿಲ್ ಝೋಲಾ ಎಂಬ ಕಾದಂಬರಿಕಾರನ ಪ್ರಸಂಗದಲ್ಲಿ. 1892ರ ಆಗಸ್ಟಿನಲ್ಲಿ ಆತ ಲೂರ್ದ್‌ಗೆ ಹೋದ. ರೋಗಿಗಳ ನಡುವೆ ಅಡ್ಡಾಡಿದ, ಟಿಪ್ಪಣಿ ಬರೆದುಕೊಂಡ. ಶ್ವಾಸಕೋಶದ ಕ್ಷಯ ವಿಪರೀತಕ್ಕೆ ಹೋಗಿದ್ದ ಮರಿ ಲೆಬ್ರಾಂಷು ಎಂಬ ಹೆಂಗಸು ಸ್ನಾನದ ಕೊಳದಿಂದ ಎದ್ದುಬಂದು ತಾನು ಗುಣವಾದೆನೆಂದು ಸಾರಿದಳು. ವೈದ್ಯರು ಪರೀಕ್ಷಿಸಿದಾಗ ಝೋಲಾ ಅಲ್ಲಿಯೇ ಇದ್ದ. 1894ರಲ್ಲಿ ಆತನ 'ಲೂರ್ದ್' ಕಾದಂಬರಿ ಹೊರಬಂತು. ಅದರಲ್ಲಿ ಆಕೆಯನ್ನು ಹೋಲುವ ಪಾತ್ರವೊಂದುಂಟು. ಆದರೆ ಆ ಪಾತ್ರಕ್ಕೆ ಊರಿಗೆ ಮರಳುವ ರೈಲಿನಲ್ಲಿಯೇ ರೋಗ ಮರುಕಳಿಸಿ ಸಾವು ಸನ್ನಿಹಿತವಾಗುತ್ತದೆ. ನಿಜವಾದ ಹೆಂಗಸಿಗೆ ಹಾಗಾಗಿರಲಿಲ್ಲ. ಆಕೆ 1920ರ ವರೆಗೆ ಬದುಕಿದ್ದಳು. ಕಾರ್ಯಾಲಯದ ವೈದ್ಯ ಬುವಸಾರಿ ಈ ಬಗ್ಗೆ ಆಕ್ಷೇಪಿಸಿದಾಗ, ಪಾತ್ರಗಳು ತನ್ನವು, ಅವುಗಳನ್ನು ಬದುಕಿಸುವುದೂ ಕೊಲ್ಲುವುದೂ ತನ್ನ ಇಚ್ಛೆ ಎಂಬರ್ಥದ ಉತ್ತರವನ್ನು ಝೋಲಾ ಕೊಟ್ಟನೆಂದು ಹೇಳುತ್ತಾರೆ.

ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯವಿದೆ, ನಿಜ. ಆದರೆ ಝೋಲಾ ಬರೆದುದು ಕೇವಲ ಕಥೆಯೆಂದು ಯಾರೂ ಓದಲಿಲ್ಲ. ಕಣ್ಣಾರೆ ಕಂಡುಬಂದವನ ವರದಿಯೆಂದು ಓದಿದರು. ಆ ವಿಶ್ವಾಸವನ್ನು ಗಳಿಸಿಕೊಂಡವನು ಆತನೇ. ಲೆಬ್ರಾಂಷು ಗುಣವಾದಳೆಂದು ಬರೆದಿದ್ದರೆ ಆತ ಪವಾಡವನ್ನು ಒಪ್ಪಬೇಕಾಗಿರಲಿಲ್ಲ. 'ಇದು ಹೇಗಾಯಿತೋ ನನಗೆ ತಿಳಿಯದು' ಎನ್ನಬೇಕಾಗಿತ್ತು, ಅಷ್ಟೆ. ಆ ಒಂದು ವಾಕ್ಯ ಆತನಿಗೆ ಭಾರವಾಯಿತು. ಇದೇ ಝೋಲಾ 1898ರಲ್ಲಿ ನಿರಪರಾಧಿ ಡ್ರೈಫಸ್‌ನ ಪರವಾಗಿ ಇಡೀ ಸರ್ಕಾರವನ್ನು ಎದುರು ಹಾಕಿಕೊಂಡು, ಶಿಕ್ಷೆಗೆ ಗುರಿಯಾಗಿ, ದೇಶ ಬಿಟ್ಟು ಹೋಗಬೇಕಾಯಿತು. ಸತ್ಯಕ್ಕಾಗಿ ಅಷ್ಟು ತೆತ್ತವನು ಲೂರ್ದ್‌ನಲ್ಲಿ ಇಷ್ಟನ್ನು ತೆರಲಾರದೆ ಹೋದುದೇಕೆ? ವಿರೋಧಿಗಳ ಸುಳ್ಳನ್ನು ಬಯಲಿಗೆಳೆಯುವುದಕ್ಕಿಂತ, ಅವರಿಗೆ ಅನುಕೂಲವಾದ ನಿಜವನ್ನು ನುಡಿಯುವುದು ಕಷ್ಟತರವೆಂದು ತೋರುತ್ತದೆ.

ರೋಗಿಯ ಆಸೆಯನ್ನು ಮುರಿಯುವುದೇ ಹಿಂಸೆ, ಆದ್ದರಿಂದ ಸಂಶಯವಾದಿ ಬಾಯಿ ಮುಚ್ಚಿಕೊಂಡಿರಬೇಕು ಎಂಬ ವಾದವೂ ಇದೆ. ಅದನ್ನು ಒಪ್ಪಲಾಗದು. ಔಷಧವನ್ನು ತೊರೆದು ನೀರನ್ನೇ ನಂಬುವವನೆದುರು ಮೌನವೇ ಹಿಂಸೆ. ಆದರೆ ವೈದ್ಯರು ಕೈಚೆಲ್ಲಿದ ಮೇಲೆ ಗಾಲಿಕುರ್ಚಿಯಲ್ಲಿ ಬಂದವಳಿಗೆ, ಅಪರಿಚಿತ ಸ್ವಯಂಸೇವಕರು ದಿನವಿಡೀ ಆಕೆಯನ್ನು ಎತ್ತಿ ಇಳಿಸಿ ಉಪಚರಿಸುತ್ತಿರುವಾಗ, ಅಂಕಿ ಅಂಶಗಳನ್ನು ಒಪ್ಪಿಸಲು ಹೋಗುವುದು ಸತ್ಯನಿಷ್ಠೆಯಲ್ಲ. ಕೇಳಿದರೆ ಮರೆಮಾಚದೆ ಹೇಳಬೇಕು. ಕೇಳದವಳ ಬಳಿ ಗೆಲ್ಲಲು ಹೊರಡಬಾರದು.

ಝೋಲಾನಿಗೆ ವ್ಯತಿರಿಕ್ತವಾಗಿ ನಡೆದುಕೊಂಡವನು ಲಿಯೋನ್ ನಗರದ ತರುಣ ವೈದ್ಯ ಅಲೆಕ್ಸಿಸ್ ಕರೆಲ್. ಈತ ಮುಂದೆ ಸುಜನನಶಾಸ್ತ್ರದ ಹೆಸರಿನಲ್ಲಿ ಪ್ರತಿಪಾದಿಸಿದ ಕ್ರೂರ ವಿಚಾರಗಳನ್ನು ಯಾರೂ ಸಮರ್ಥಿಸಲಾರರು. ಆದರೆ 1902ರಲ್ಲಿ ಆತ ನಡೆದುಕೊಂಡ ಬಗೆ ಬೇರೆ. ಸಂಶಯವಾದಿಯಾಗಿಯೇ ಯಾತ್ರಿಕರ ರೈಲಿನಲ್ಲಿ ಹೊರಟ ಆತ, ಹೊಟ್ಟೆಯ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದ ಮರಿ ಬಾಯಿ ಎಂಬ ಯುವತಿಯನ್ನು ಕಂಡ. ಗವಿಯ ಬಳಿ ಆಕೆಯ ಊದಿದ ಹೊಟ್ಟೆ ನೋಡನೋಡುತ್ತಿದ್ದಂತೆ ಇಳಿಯಿತು. ಕರೆಲ್ ಗಡಿಯಾರ ನೋಡಿ ವೇಳೆಯನ್ನು ಗುರುತು ಹಾಕಿಕೊಂಡ. ಪವಾಡವೆಂದು ಸಾರಲಿಲ್ಲ, ಕಂಡುದನ್ನು ಅಲ್ಲಗಳೆಯಲೂ ಇಲ್ಲ. ಸುದ್ದಿ ಪತ್ರಿಕೆಗಳಿಗೆ ಸೇರಿದಾಗ ಪಾದ್ರಿಗಳು ಆತನನ್ನು ಅವಿಶ್ವಾಸಿಯೆಂದರು, ವೈದ್ಯರು ಮೂಢನೆಂದರು. ಲಿಯೋನ್‌ನಲ್ಲಿ ಏಳಿಗೆಯ ದಾರಿ ಮುಚ್ಚಿ, 1904ರಲ್ಲಿ ಆತ ದೇಶವನ್ನೇ ಬಿಟ್ಟ. 1912ರಲ್ಲಿ ರಕ್ತನಾಳಗಳನ್ನು ಹೊಲಿಯುವ ವಿಧಾನಕ್ಕಾಗಿ ನೊಬೆಲ್ ಪ್ರಶಸ್ತಿ ಬಂತು.

ಆ ಯಾತ್ರೆಯ ವೃತ್ತಾಂತವನ್ನು ಕರೆಲ್ ಬರೆದಿಟ್ಟಿದ್ದ. ಆತ ಸತ್ತು ಐದು ವರ್ಷಗಳಾದ ಮೇಲೆ, 1949ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ತಿರುಗುಮುರುಗಾಗಿಸಿ 'ಲೆರಾಕ್' ಎಂದು ಕರೆದುಕೊಂಡಿದ್ದಾನೆ. ಮರಿ ಬಾಯಿ ಸಂನ್ಯಾಸಿನಿಯಾಗಿ ರೋಗಿಗಳ ಸೇವೆ ಮಾಡುತ್ತ 1937ರ ವರೆಗೆ ಬದುಕಿದಳು. ಆಕೆಯ ಪ್ರಕರಣವನ್ನು 1960ರ ದಶಕದಲ್ಲಿ ಲೂರ್ದ್‌ನ ವೈದ್ಯಸಮಿತಿಯೇ ಮತ್ತೆ ತೆಗೆದು ನೋಡಿತು. ಮನಸ್ಸಿನ ಕಾರಣದಿಂದಲೇ ಹೊಟ್ಟೆ ಊದಿಕೊಳ್ಳುವ ಮಿಥ್ಯಾಗರ್ಭದ ಸಂಭವವನ್ನು ಅಂದಿನ ವೈದ್ಯರು ಪರಿಶೀಲಿಸಿಲ್ಲವೆಂಬ ಕಾರಣ ಕೊಟ್ಟು ಅದನ್ನು ತಳ್ಳಿಹಾಕಿತು. ಅಂಗೀಕೃತವಾದ 72ರಲ್ಲಿ ಮರಿ ಲೆಬ್ರಾಂಷುವಿನ ಹೆಸರಿದೆ; ಮರಿ ಬಾಯಿಯ ಹೆಸರಿಲ್ಲ.