ಅರಸನ ಆಜ್ಞೆಯೂ ಅಂತಃಸಾಕ್ಷಿಯೂ

ನಮ್ಮ ಅನೇಕ ಮನೆಗಳ ಗೋಡೆಯ ಮೇಲೆ ಯೆಹೋಶುವನ ಪ್ರತಿಜ್ಞೆ ಚೌಕಟ್ಟಿನೊಳಗೆ ತೂಗುತ್ತಿರುತ್ತದೆ. ತಾನೂ ತನ್ನ ಮನೆತನದವರೂ ಸರ್ವೇಶ್ವರನ ಸೇವೆಯಲ್ಲೇ ಇರುವೆವೆಂದು ಆತ ನುಡಿದ ಮಾತದು. ವಾಡಿಯ ಸಿಮೆಂಟ್ ಕಾರ್ಮಿಕರ ಮನೆಗಳಲ್ಲಿಯೂ ಶಹಾಬಾದಿನ ಕಲ್ಲುಹಾಸಿನ ಮನೆಗಳಲ್ಲಿಯೂ ನಾನದನ್ನು ಕಂಡಿದ್ದೇನೆ. ಆ ಮಾತನ್ನು ನಾವು ಸರಿಯಾಗಿ ಓದಿದ್ದೇವೆಯೇ ಎಂಬ ಸಂದೇಹ ಒಂದು ಸಂಜೆ ನನ್ನಲ್ಲಿ ಹುಟ್ಟಿತು.

ಹಲವು ವರ್ಷಗಳ ಹಿಂದಿನ ಮಾತು. ಅಂಥದೇ ಚೌಕಟ್ಟು ತೂಗುವ ಮನೆಯ ಯಜಮಾನರೊಬ್ಬರು ಗುರುನಿವಾಸಕ್ಕೆ ಬಂದರು. ಅವರ ಮಗಳು ಮೆಥೋಡಿಸ್ಟ್ ಸಭೆಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. "ಫಾದರ್, ಹುಡುಗ ನಮ್ಮ ಕಡೆ ಬಂದರೆ ಮದುವೆ, ಇಲ್ಲವಾದರೆ ಇಲ್ಲ. ನನ್ನ ಮನೆಯಲ್ಲಿ ನಾನು ಹೇಳಿದ್ದೇ ಧರ್ಮ" ಎಂದರು. ನಾನೂ ತಲೆಯಾಡಿಸಿದೆ. ನಮ್ಮ ದಾಖಲೆ ಪುಸ್ತಕದಲ್ಲಿ ಒಂದು ಹೆಸರು ಹೆಚ್ಚುವುದು ನನಗೂ ಬೇಕಾಗಿತ್ತು. ಮರುದಿನ ಹುಡುಗನನ್ನು ಕರೆಸಿದೆ. ಅವನು ವಾದಿಸಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಎಲ್ಲಿ ಸಹಿ ಮಾಡಲಿ, ಫಾದರ್?" ಎಂದಷ್ಟೇ ಅಂದ.

ಆ ರಾತ್ರಿ ಗುರುಮಠದಲ್ಲಿ ಓದಿದ್ದ ಇತಿಹಾಸದ ಪಾಠ ನೆನಪಾಯಿತು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ 1521ರಲ್ಲಿ ಲೂಥರನ ವಿರುದ್ಧ ಗ್ರಂಥವನ್ನು ಬರೆದು ಜಗದ್ಗುರು ಹತ್ತನೆಯ ಲಿಯೋ ಅವರಿಂದ 'ವಿಶ್ವಾಸದ ರಕ್ಷಕ' ಎಂಬ ಬಿರುದನ್ನು ಪಡೆದವನು. ಮುಂದೆ ರಾಣಿ ಕ್ಯಾಥರೀನಳೊಂದಿಗಿನ ವಿವಾಹವನ್ನು ಅಸಿಂಧುವೆಂದು ಸಾರಲು ರೋಮ್ ಒಪ್ಪದಿದ್ದಾಗ, ಅದೇ ದೊರೆ 1534ರ ಕಾನೂನಿನ ಮೂಲಕ ತನ್ನನ್ನೇ ಇಂಗ್ಲೆಂಡಿನ ಧರ್ಮಸಭೆಯ ಶಿರಸ್ಸೆಂದು ಘೋಷಿಸಿಕೊಂಡ. ಅವನ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ ನಾಡು ಪೂರ್ಣವಾಗಿ ಪ್ರೊಟೆಸ್ಟಂಟ್ ಮಾರ್ಗವನ್ನು ಹಿಡಿಯಿತು. 1553ರಲ್ಲಿ ಮಗಳು ಮೇರಿ ಪಟ್ಟಕ್ಕೆ ಬಂದು ಅದನ್ನು ಮರಳಿ ಕಥೋಲಿಕವಾಗಿಸಿದಳು. 1559ರಲ್ಲಿ ಇನ್ನೊಬ್ಬ ಮಗಳು ಎಲಿಜಬೆತ್ ಮತ್ತೆ ರೋಮಿನ ಸಂಬಂಧವನ್ನು ಕಡಿದಳು. ಹೀಗೆ ಇಪ್ಪತ್ತೈದು ವರ್ಷಗಳಲ್ಲಿ, ತನ್ನ ಊರಿನ ದೇವಾಲಯದ ಅದೇ ಮೂಲೆಯಲ್ಲಿ ಮಂಡಿಯೂರುತ್ತಿದ್ದ ಒಬ್ಬ ಹಳ್ಳಿಯ ಮುದುಕಿಯ ಧರ್ಮ ನಾಲ್ಕು ಬಾರಿ ಬದಲಾಯಿತು. ಆಕೆಯನ್ನು ಒಮ್ಮೆಯೂ ಯಾರೂ ಕೇಳಲಿಲ್ಲ.

ಹೆನ್ರಿಯನ್ನು ದೂಷಿಸುವುದು ಕಥೋಲಿಕರಾದ ನಮಗೆ ಸುಲಭ. ಆದರೆ ಸತ್ಯವನ್ನು ಅರ್ಧದಲ್ಲಿ ನಿಲ್ಲಿಸಲಾಗದು. ನಮ್ಮವಳೇ ಆದ ಮೇರಿಯ ಆಳ್ವಿಕೆಯಲ್ಲಿ ಸುಮಾರು 280 ಪ್ರೊಟೆಸ್ಟಂಟರು ಜೀವಂತ ದಹಿಸಲ್ಪಟ್ಟರು. ಎಲಿಜಬೆತಳ ಕಾಲದಲ್ಲಿ 1581ರಲ್ಲಿ ಸಂತ ಎಡ್ಮಂಡ್ ಕ್ಯಾಂಪಿಯನ್ ಮುಂತಾದ ನಮ್ಮ ಗುರುಗಳು ಪ್ರಾಣತೆತ್ತರು. ಹೆನ್ರಿಯ ಪ್ರಮಾಣವಚನವನ್ನು ಒಪ್ಪದೆ 1535ರಲ್ಲಿ ಶಿರಚ್ಛೇದಕ್ಕೆ ಕೊರಳೊಡ್ಡಿದ ಸಂತ ಥಾಮಸ್ ಮೋರ್ ಅಂತಃಸಾಕ್ಷಿಯ ಮಹಾ ಸಾಕ್ಷಿ. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಆತನನ್ನು ರಾಜಕಾರಣಿಗಳ ಪಾಲಕ ಸಂತನೆಂದು ಸಾರಿದರು. ಆದರೂ ಆತನೇ ಚಾನ್ಸಲರ್ ಪದವಿಯಲ್ಲಿದ್ದಾಗ ಪ್ರೊಟೆಸ್ಟಂಟರನ್ನು ಶಿಕ್ಷೆಗೆ ಗುರಿಪಡಿಸಿದ್ದನು. ತನ್ನ ಅಂತಃಸಾಕ್ಷಿಗಾಗಿ ಸಾಯುವುದಕ್ಕಿಂತಲೂ ಪರರ ಅಂತಃಸಾಕ್ಷಿಗೆ ಎಡೆಗೊಡುವುದು ಕಷ್ಟವೆಂಬುದಕ್ಕೆ ಈ ಸಂತನ ಬಾಳೇ ನಿದರ್ಶನ.

ಆ ಶತಮಾನದಲ್ಲಿ ಇದೇ ನ್ಯಾಯವಾಗಿತ್ತು. ಜರ್ಮನಿಯಲ್ಲಿ 1555ರ ಔಗ್ಸ್‌ಬರ್ಗ್ ಒಪ್ಪಂದ, ಯಾರ ನಾಡೋ ಅವರದೇ ಧರ್ಮ ಎಂಬ ಸೂತ್ರಕ್ಕೆ ಮುದ್ರೆಯೊತ್ತಿತು. ದೊರೆ ಲೂಥರನ್ ಆದರೆ ಪ್ರಜೆಯೂ ಲೂಥರನ್, ದೊರೆ ಕಥೋಲಿಕನಾದರೆ ಪ್ರಜೆಯೂ ಕಥೋಲಿಕ. ಒಪ್ಪದವನು ಇದ್ದದ್ದನ್ನು ಮಾರಿ ಊರು ಬಿಡಬಹುದಿತ್ತು.

ಯಥಾ ರಾಜಾ ತಥಾ ಪ್ರಜಾ ಎಂಬ ನಾಣ್ಣುಡಿ ನಮ್ಮಲ್ಲಿಯೂ ಉಂಟು. ಆದರೆ ನಾವು ತುಳಿಯುವ ಈ ಮಣ್ಣು ಬೇರೆ ಪಾಠವನ್ನೂ ಅಡಗಿಸಿಕೊಂಡಿದೆ. ಚಿತ್ತಾಪುರ ಸೀಮೆಯಲ್ಲಿ, ಭೀಮಾ ತೀರದ ಸನ್ನತಿಯಲ್ಲಿ ಅಶೋಕನ ಶಾಸನವುಳ್ಳ ಕಲ್ಲು ದೊರೆಯಿತು. ಅದು ಒಂದು ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ಕಳಿಂಗದ ರಕ್ತವನ್ನು ಕಂಡು ಬೌದ್ಧಮಾರ್ಗಕ್ಕೆ ಒಲಿದ ಆ ಚಕ್ರವರ್ತಿ ಅಲ್ಲಿಯ ಶಾಸನವೊಂದರಲ್ಲಿ ತಿಳಿಸುವ ಭಾವ ಇದು: ತನ್ನ ಪಂಥದ ಮೇಲಿನ ಅಭಿಮಾನದಿಂದ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ. ಅವನು ತನ್ನ ಧರ್ಮವನ್ನು ಬದಲಿಸಿಕೊಂಡನು. ಪ್ರಜೆಗಳಿಗೆ ಹೇಳಿದ್ದು ಪರಸ್ಪರ ಆಲಿಸಿರಿ ಎಂದು.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದವರು ಕಾಗಿಣಾ ತೀರದ ಹಳೆಯ ಕೋಟೆಯನ್ನು ನೋಡಿರುತ್ತಾರೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗ ಜೈನಾಚಾರ್ಯ ಜಿನಸೇನರ ಶಿಷ್ಯ. ಆದರೂ ನಾಡಿನ ವಿಪತ್ತು ನೀಗಲೆಂದು ಅವನು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಅರ್ಪಿಸಿದನೆಂದು ಸಂಜಾನ್ ತಾಮ್ರಶಾಸನ ಹೇಳುತ್ತದೆ. ಪರರ ನಂಬಿಕೆಯನ್ನು ಸೈರಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತು ಎಂಬ ಆಶಯವುಳ್ಳ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿಯೇ. ಔಗ್ಸ್‌ಬರ್ಗಿಗಿಂತ ಏಳುನೂರು ವರ್ಷ ಮುಂಚೆ!

ಇಲ್ಲಿ ಓದುಗರು ನನ್ನನ್ನು ತಡೆದು ಕೇಳಬಹುದು: "ಅರಸರ ಮಾತಿರಲಿ ಸ್ವಾಮಿ, ತಂದೆತಾಯಿ ಏನು ಮಾಡಬೇಕು? ನಾವು ಎಳೆಗೂಸಿಗೆ ದೀಕ್ಷಾಸ್ನಾನ ಕೊಡಿಸುವುದಿಲ್ಲವೇ? ಮಗುವನ್ನು ಯಾರು ಕೇಳಿದರು?" ಇದು ನ್ಯಾಯವಾದ ಪ್ರಶ್ನೆ. ಮಗುವಿಗೆ ಮಾತೃಭಾಷೆಯನ್ನು ಕಲಿಸುವಾಗಲೂ ನಾವು ಕೇಳುವುದಿಲ್ಲ. ಭಾಷೆಯನ್ನು ಕೊಡದೆ ಮಗುವನ್ನು ಮೂಕವಾಗಿ ಬೆಳೆಸುವುದು ಸ್ವಾತಂತ್ರ್ಯವಲ್ಲ. ವಿಶ್ವಾಸವೂ ಹಾಗೆಯೇ, ಅದು ಪ್ರೀತಿಯಿಂದ ಕೊಡುವ ಸೊತ್ತು. ಆದರೆ ಮಗು ಬೆಳೆದು ಆ ಭಾಷೆಯಲ್ಲಿ ಸ್ವಂತ ಮಾತನ್ನು ಆಡತೊಡಗಿದಾಗ, ಅದರ ಬಾಯಿ ಮುಚ್ಚಿ "ನಾನು ಹೇಳಿದ್ದನ್ನೇ ಹೇಳು" ಎನ್ನುವ ಹಕ್ಕು ನಮಗಿಲ್ಲ. ಕೊಡುವವನು ತಂದೆ. ಕೊಟ್ಟದ್ದಕ್ಕೆ ಪ್ರತಿಯಾಗಿ ವಿಧೇಯತೆಯನ್ನು ವಸೂಲಿ ಮಾಡುವವನು ಹೆನ್ರಿ.

ಈಗ ಯೆಹೋಶುವನ ಮಾತನ್ನು ಮತ್ತೆ ಓದೋಣ. ನಾವು ಚೌಕಟ್ಟಿಗೆ ಹಾಕಿಸಿರುವುದು ಆ ವಚನದ ಕೊನೆಯ ಭಾಗವನ್ನು ಮಾತ್ರ. ಅದಕ್ಕೆ ಮುಂಚೆ, ಯುದ್ಧಗಳನ್ನು ಗೆದ್ದ ಆ ವೃದ್ಧ ನಾಯಕ, ಯಾರನ್ನು ಸೇವಿಸುವಿರೆಂದು ನೀವೇ ಆರಿಸಿಕೊಳ್ಳಿ ಎಂದು ಜನರ ಮುಂದೆ ಆಯ್ಕೆಯನ್ನಿಟ್ಟ. ಆಮೇಲೆ ತನ್ನ ನಿಲುವನ್ನು ತಿಳಿಸಿದ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಕುಟುಂಬಸಮೇತ ದೀಕ್ಷಾಸ್ನಾನವನ್ನು ಪಡೆಯುವ ಪ್ರಸಂಗದಲ್ಲಿಯೂ, ಪೌಲನು ಶುಭಸಂದೇಶವನ್ನು ಯಜಮಾನನೊಬ್ಬನಿಗೇ ಸಾರಲಿಲ್ಲ, ಮನೆಯವರೆಲ್ಲರಿಗೂ ಸಾರಿದ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ ಇದನ್ನೇ ದೃಢಪಡಿಸಿತು: ವಿಶ್ವಾಸದ ವಿಷಯದಲ್ಲಿ ಯಾರ ಮೇಲೂ ಬಲಾತ್ಕಾರ ಸಲ್ಲದು.

ಮರುದಿನ ಹುಡುಗಿಯನ್ನೂ ಕರೆಸಿದೆ. ಅಲ್ಲಿಯವರೆಗೆ ಅವಳನ್ನು ನಾವಿಬ್ಬರು ಹಿರಿಯರೂ ಕೇಳಿರಲಿಲ್ಲ. ಅವಳೆಂದಳು: "ನನಗಾಗಿ ತನ್ನ ಸಭೆಯನ್ನು ಒಂದೇ ದಿನದಲ್ಲಿ ಬಿಟ್ಟವನು, ನಾಳೆ ಇನ್ನಾವುದಕ್ಕೋ ನಮ್ಮ ಸಭೆಯನ್ನೂ ಬಿಡಬಹುದಲ್ಲವೇ, ಫಾದರ್?" ಗುರುಮಠದ ಪಾಠಗಳಿಗಿಂತ ಹೆಚ್ಚಿನದನ್ನು ಆ ಮಾತು ನನಗೆ ಕಲಿಸಿತು. ಒಬ್ಬ ದೊರೆ ಮದುವೆಗಾಗಿ ಒಂದು ನಾಡಿನ ಧರ್ಮಸಭೆಯನ್ನೇ ತಿರುಗಿಸಿದ. ನಾವು ಒಬ್ಬ ಬಡ ಹುಡುಗನಿಂದ ಅದನ್ನೇ ಸಣ್ಣ ಪ್ರಮಾಣದಲ್ಲಿ ಬಯಸಿದ್ದೆವು.

ಧರ್ಮಾಧ್ಯಕ್ಷರ ಅನುಮತಿ ಪಡೆದು, ಧರ್ಮಸಭೆಯ ಕಾನೂನಿನಂತೆ ಮಿಶ್ರ ವಿವಾಹವನ್ನು ನೆರವೇರಿಸಿದೆವು. ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ಶಕ್ತಿಮೀರಿ ಯತ್ನಿಸುವೆನೆಂದು ಹುಡುಗಿ ಮಾತುಕೊಟ್ಟಳು; ಆ ಮಾತಿನ ಭಾರವನ್ನು ಹುಡುಗನಿಗೂ ತಿಳಿಸಿದೆ. ಅವನು ತನ್ನ ಸಭೆಯಲ್ಲಿಯೇ ಉಳಿದ. ಯಜಮಾನರು ಬಹುಕಾಲ ನನ್ನೊಡನೆ ಮಾತುಬಿಟ್ಟರು. ಬೆಲೆಯಿಲ್ಲದೆ ಬಂದ ನೆಮ್ಮದಿ ಅದಲ್ಲ: ಭಾನುವಾರ ಅವಳು ಪರಮಪ್ರಸಾದಕ್ಕೆ ಎದ್ದುಹೋದಾಗ ಅವನು ಕುಳಿತೇ ಇರುತ್ತಾನೆ. ಆ ನೋವನ್ನು ಸಹಿಯೊಂದರಿಂದ ಮುಚ್ಚಬಹುದಿತ್ತು, ವಾಸಿಮಾಡಲು ಆಗುತ್ತಿರಲಿಲ್ಲ.

ಅರಸೊತ್ತಿಗೆಗಳು ಅಳಿದವು. ನಮ್ಮ ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮಾನವಾಗಿ ನೀಡಿದೆ. ಆದರೆ ಮನೆಮನೆಯಲ್ಲಿ ಒಂದು ಪುಟ್ಟ ಸಿಂಹಾಸನ ಇನ್ನೂ ಇದೆ, ಗುರುನಿವಾಸದಲ್ಲಿಯೂ ಇದೆ. ಪ್ರಿಯ ಕುಟುಂಬಗಳೇ, ಇಂದು ಸಂಜೆ ಜಪಸರದ ಪ್ರಾರ್ಥನೆ ಮುಗಿದ ಬಳಿಕ ಗೋಡೆಯ ಮೇಲಿನ ಆ ವಚನವನ್ನು ಬೈಬಲಿನಲ್ಲಿ ತೆರೆದು ಪೂರ್ತಿಯಾಗಿ ಓದಿರಿ. ಆಮೇಲೆ ನಿಮ್ಮ ಬೆಳೆದ ಮಕ್ಕಳನ್ನು, ಅವರು ಏನನ್ನು ನಂಬುತ್ತಾರೆಂದು ಕೇಳಿರಿ. ಉತ್ತರ ನಿಮಗೆ ಹಿಡಿಸದಿದ್ದರೂ ಕೊನೆಯವರೆಗೆ ಆಲಿಸಿರಿ.